ಬಂಡೆಯ ಬಿರುಕು, ಗೋಡೆಯ ಬಿರುಕು

ಹೋದ ವರ್ಷ ಮೇ ತಿಂಗಳಲ್ಲಿ ಹಿರೇಕೊಟ್ನೆಕಲ್‌ನ ನಮ್ಮ ಮನೆಯ ಗೋಡೆ ಬಿರುಕು ಬಿಟ್ಟಿತು. ಕಿಟಕಿಯ ಮೂಲೆಯಿಂದ ಹೊರಟ ಬಿರುಕು ಓರೆಯಾಗಿ ನೆಲದವರೆಗೆ ಇಳಿಯಿತು. ನನ್ನ ಕಿರುಬೆರಳು ಹೋಗುವಷ್ಟು ಅಗಲ. ಮನೆ ಕಟ್ಟಿ ಎರಡು ವರ್ಷವೂ ಆಗಿರಲಿಲ್ಲ. ಕಟ್ಟಿದವರು ಬೇರೆ ಯಾರೂ ಅಲ್ಲ, ನನ್ನ ಅಬ್ಬಾ. ಅವರು ಗೌಂಡಿ. ಇಪ್ಪತ್ತು ವರ್ಷದಿಂದ ಬೇರೆಯವರ ಮನೆ ಕಟ್ಟಿ ಉಳಿಸಿದ ದುಡ್ಡಿನಲ್ಲಿ ತಮ್ಮದೊಂದು ಮನೆ ಕಟ್ಟಿಕೊಂಡಿದ್ದರು.

ಬಂದವರೆಲ್ಲ ಒಂದೊಂದು ಮಾತು ಹೇಳಿದರು. ಕೆಲವರು ನಜರ್ ಆಗಿದೆ ಎಂದರು. ಕೆಲವರು ಸಿಮೆಂಟ್ ಕಡಿಮೆ ಹಾಕಿರಬೇಕು ಎಂದರು. ಈ ಎರಡನೆಯ ಮಾತು ಅಬ್ಬಾಗೆ ಬಹಳ ನೋವು ಕೊಟ್ಟಿತು. ಅದಕ್ಕೆ ಕಾರಣವೂ ಇತ್ತು. ಹಿಂದೆ ಅವರು ಕಟ್ಟಿದ ಒಂದು ಮನೆ ಹೀಗೆಯೇ ಬಿರುಕು ಬಿಟ್ಟಾಗ ಮಾಲೀಕರು ಕೊನೆಯ ಕಂತಿನ ಕೂಲಿ ಕೊಡಲಿಲ್ಲ. ಅಬ್ಬಾ ಕೇಳಲಿಲ್ಲ, ತಪ್ಪು ತಮ್ಮದೇ ಇರಬಹುದು ಎಂದು ಸುಮ್ಮನಾದರು. ಈಗ ತಮ್ಮ ಮನೆಯೇ ಬಿರುಕು ಬಿಟ್ಟ ಮೇಲೆ ಅವರು ನನಗೆ ಒಂದೇ ಪ್ರಶ್ನೆ ಕೇಳಿದರು. "ನೀನು ಸೈನ್ಸ್ ಓದ್ತೀಯಲ್ಲ, ಇದು ಯಾಕೆ ಹೀಗಾಗುತ್ತೆ ಹೇಳು."

ನನಗೆ ಉತ್ತರ ಗೊತ್ತಿರಲಿಲ್ಲ. ಪಿಯುಸಿ ಸೈನ್ಸ್ ಓದುವ ನಾನು ಸೋಡಿಯಂ ಕ್ಲೋರೈಡಿನ ಹರಳಿನ ಚಿತ್ರ ಬರೆಯಬಲ್ಲೆ, ನಮ್ಮ ಮನೆಯ ಕೆಳಗಿನ ಮಣ್ಣಿನ ಬಗ್ಗೆ ಒಂದು ವಾಕ್ಯವನ್ನೂ ಹೇಳಲಾರೆ. ಅಂದಿನಿಂದ ಹುಡುಕಿ ಓದಿದೆ, ಅಧ್ಯಾಪಕರನ್ನು ಕೇಳಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊನೆಯಲ್ಲಿ ನಮ್ಮ ಕಾಲೇಜಿಗೆ ಒಂದು ಬೇಡಿಕೆಯೂ ಇದೆ.

ನನ್ನ ಓದು ಶುರುವಾದದ್ದು ಬೆಂಟೊನೈಟ್ ಎಂಬ ಜೇಡಿಮಣ್ಣಿನಿಂದ. 1898ರಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ ನೈಟ್ ಎಂಬ ಭೂವಿಜ್ಞಾನಿ ಅಲ್ಲಿನ ಫೋರ್ಟ್ ಬೆಂಟನ್ ಶಿಲಾಪದರದ ಹೆಸರಿನ ಮೇಲೆ ಇದಕ್ಕೆ ಈ ಹೆಸರಿಟ್ಟರು. ಇದರಲ್ಲಿರುವ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ಫ್ರಾನ್ಸಿನ ಮಾಂಟ್‌ಮೊರಿಲಾನ್ ಊರಿನಿಂದ ಬಂದ ಹೆಸರು. ನೀರು ಬಿದ್ದರೆ ಉಬ್ಬುವುದು ಈ ಜೇಡಿಯ ಗುಣ. ಒಳ್ಳೆಯ ಸೋಡಿಯಂ ಬೆಂಟೊನೈಟ್ ತನ್ನ ಒಣ ಗಾತ್ರದ ಹತ್ತು ಪಟ್ಟಿಗೂ ಹೆಚ್ಚು ಉಬ್ಬಬಲ್ಲದು. ಬೆಂಗಳೂರು ಮೆಟ್ರೋ ಸುರಂಗ ಕೊರೆಯುವಾಗ ಮಣ್ಣು ಕುಸಿಯದಂತೆ ತಡೆಯಲು ಬಳಸಿದ ಕೆಸರು ಇದರದೇ. ನಮ್ಮ ಅಮ್ಮಿಯರು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯೂ ಇದರ ಹತ್ತಿರದ ಬಂಧು.

ಈ ಜೇಡಿ ಹುಟ್ಟುವುದು ಹೇಗೆ? ಜ್ವಾಲಾಮುಖಿಯಿಂದ ಬಂದ ಬೂದಿ ಮತ್ತು ಲಾವಾ ಬೇಗ ತಣ್ಣಗಾದರೆ ಹರಳುಗಟ್ಟಲು ಸಮಯ ಸಿಗುವುದಿಲ್ಲ, ಗಾಜಿನಂತಾಗುತ್ತದೆ. ಗಾಜಿನಲ್ಲಿ ಪರಮಾಣುಗಳು ಸಾಲಾಗಿ ನಿಂತಿರುವುದಿಲ್ಲ. ಆದ್ದರಿಂದ ನೀರು ಅದನ್ನು ಸುಲಭವಾಗಿ ಕರಗಿಸುತ್ತದೆ. ಪೊಟ್ಯಾಸಿಯಂ, ಸೋಡಿಯಂ, ಒಂದಷ್ಟು ಸಿಲಿಕಾ ನೀರಿನೊಂದಿಗೆ ಹೋಗುತ್ತವೆ. ಉಳಿದ ಸಿಲಿಕಾ, ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಸೇರಿ ಹೊಸ ಖನಿಜವಾಗುತ್ತವೆ. ಅದೇ ಮಾಂಟ್‌ಮೊರಿಲೊನೈಟ್.

ಆದರೆ ಗಟ್ಟಿ ಬಂಡೆಯೊಳಕ್ಕೆ ನೀರು ಹೋಗುವುದು ಹೇಗೆ? ಇಲ್ಲಿ ಸ್ತರಭಂಗದ ಕೆಲಸ ಬರುತ್ತದೆ. ಭೂಮಿಯ ಒತ್ತಡಕ್ಕೆ ಬಂಡೆ ಸೀಳಿ, ಒಂದು ಬದಿ ಇನ್ನೊಂದರಿಂದ ಜರುಗಿದ ಜಾಗವೇ ಸ್ತರಭಂಗ. ಅಲ್ಲಿ ಬಂಡೆ ಪುಡಿಯಾಗಿರುತ್ತದೆ. ಪುಡಿಯಾದರೆ ನೀರು ತಾಗುವ ಮೈ ಹೆಚ್ಚುತ್ತದೆ. ಬಿರುಕು ನೀರಿಗೆ ದಾರಿಯೂ ಆಗುತ್ತದೆ. ಮಳೆನೀರು ಮೇಲಿನಿಂದ ಇಳಿಯಬಹುದು, ಬಿಸಿನೀರು ಆಳದಿಂದ ಏರಬಹುದು. ಹಾಗಾಗಿ ಅನೇಕ ಕಡೆ ಬೆಂಟೊನೈಟ್ ನಿಕ್ಷೇಪ ಸ್ತರಭಂಗದ ಹತ್ತಿರ ದಪ್ಪವಾಗಿದ್ದು ದೂರ ಹೋದಂತೆ ತೆಳುವಾಗಿ ಮೂಲ ಬಂಡೆಯೇ ಕಾಣುತ್ತದೆ.

ಇದಕ್ಕೆ ಹೆಸರಾದ ಜಾಗ ಸ್ಪೇನಿನ ಆಗ್ನೇಯ ಮೂಲೆಯ ಅಲ್ಮೇರಿಯ. ನಮ್ಮ ಇತಿಹಾಸ ಪುಸ್ತಕದಲ್ಲಿ ಬರುವ ಅಂದಲೂಸಿನ ಊರು ಅದು. 955ರಲ್ಲಿ ಖಲೀಫ ಮೂರನೆಯ ಅಬ್ದುರ್ರಹಮಾನ್ ಕಟ್ಟಿಸಿದ್ದು. ಅದರ ಸಮೀಪದ ಕಾಬೊ ದೆ ಗಾತದಲ್ಲಿ ಹಳೆಯ ಜ್ವಾಲಾಮುಖಿ ಬಂಡೆಗಳಿವೆ. ಸ್ತರಭಂಗಗಳ ಗುಂಟ ಅವು ಬೆಂಟೊನೈಟ್ ಆಗಿ ಬದಲಾಗಿವೆ. ಅಲ್ಲಿನ ಜೇಡಿಯ ಇಟ್ಟಿಗೆಗಳನ್ನು ಸ್ವಿಟ್ಜರ್ಲೆಂಡಿನ ಗ್ರಿಮ್‌ಸೆಲ್ ಸುರಂಗಕ್ಕೆ ಒಯ್ದು, 1997ರಿಂದ 2015ರವರೆಗೆ ಒಂದು ಪ್ರಯೋಗ ಮಾಡಿದರು. ಅಣುತ್ಯಾಜ್ಯದ ಡಬ್ಬಿಯ ಬದಲು ಬಿಸಿ ಹೀಟರ್ ಇಟ್ಟು, ಸುತ್ತ ಈ ಜೇಡಿ ತುಂಬಿದರು. ನೀರು ತಾಗಿದಾಗ ಜೇಡಿ ಉಬ್ಬಿ ಎಲ್ಲ ಸಂದನ್ನೂ ಮುಚ್ಚುತ್ತದೆಯೇ ಎಂದು ನೋಡುವುದು ಉದ್ದೇಶ. ಒಂದು ಕಡೆ ವಿಷವನ್ನು ಕಾಯಲು ನಂಬುವ ಇದೇ ಉಬ್ಬುವ ಗುಣ ಇನ್ನೊಂದು ಕಡೆ ಬಡವನ ಗೋಡೆ ಸೀಳುತ್ತದೆ.

ನಮ್ಮ ದೇಶದಲ್ಲಿ ಬೆಂಟೊನೈಟ್ ಸಿಗುವುದು ಮುಖ್ಯವಾಗಿ ಗುಜರಾತಿನ ಕಚ್ಛ್ ಮತ್ತು ರಾಜಸ್ಥಾನದ ಬಾಡಮೇರ್ ಕಡೆ. ರಾಯಚೂರಿನಲ್ಲಿ ಅದರ ಗಣಿ ಇಲ್ಲ. ಹಾಗಾದರೆ ಇದನ್ನು ನಾವು ಯಾಕೆ ಓದಬೇಕು? ನಮ್ಮ ಎರೆಮಣ್ಣಿನಲ್ಲಿ ತುಂಬಿರುವುದೂ ಇದೇ ಕುಟುಂಬದ ಖನಿಜ. ಬೆಂಟೊನೈಟ್ ಗಣಿಗೆ ಲಾರಿ ಕಳಿಸುವ ಊರಿನವರಿಗಿಂತ ಅದರ ತಮ್ಮನ ಮೇಲೆ ಮನೆ ಕಟ್ಟಿ ಬದುಕುವ ನಮಗೇ ಇದು ಹೆಚ್ಚು ಬೇಕು.

ಎರೆಮಣ್ಣು ದಖ್ಖನ್ನಿನ ಬಸಾಲ್ಟ್ ಲಾವಾದಿಂದ ಆದದ್ದು ಎಂದು ಹೈಸ್ಕೂಲಿನಲ್ಲಿ ಓದಿದ್ದೆವು. ವಿಜಯಪುರ, ಕಲಬುರಗಿ ಕಡೆಗೆ ಅದು ನಿಜ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಅಲ್ಲಿದೆ. ಆದರೆ ನಮ್ಮ ಮಾನ್ವಿ ಕಡೆ ಬಾವಿ ತೋಡಿದರೆ ಕೆಳಗೆ ಸಿಗುವುದು ಬಹುಪಾಲು ಗ್ರಾನೈಟು ಮತ್ತು ನೈಸ್. ಲಾವಾ ಇಲ್ಲದ ಕಡೆಯೂ ಕಪ್ಪು ಮಣ್ಣು ಹೇಗೆ ಬಂತು? ಬಂಡೆ ಒಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ ಎಂಬುದು ಉತ್ತರ. ಮಳೆ ಹೆಚ್ಚಿರುವ ಮಲೆನಾಡಿನಲ್ಲಿ ನೀರು ಸುಣ್ಣ, ಮೆಗ್ನೀಸಿಯಂ, ಸಿಲಿಕಾ ಎಲ್ಲವನ್ನೂ ತೊಳೆದು ಒಯ್ಯುತ್ತದೆ. ಅಲ್ಲಿ ಕೆಂಪು ಜಂಬಿಟ್ಟಿಗೆಯೂ ಉಬ್ಬದ ಕಯೋಲಿನ್ ಜೇಡಿಯೂ ಉಳಿಯುತ್ತವೆ. ನಮ್ಮಲ್ಲಿ ಮಳೆ ಕಡಿಮೆ, ನೆಲ ಚಪ್ಪಟೆ. ತೊಳೆದ ಲವಣ ದೂರ ಹೋಗುವುದಿಲ್ಲ. ತಗ್ಗಿನಲ್ಲಿ ನಿಂತು, ಅಲ್ಲೇ ಸೇರಿ, ಉಬ್ಬುವ ಜೇಡಿಯಾಗುತ್ತದೆ. ಆದ್ದರಿಂದಲೇ ಒಂದೇ ಊರಲ್ಲಿ ದಿಬ್ಬದ ಮೇಲೆ ಮಸಾರಿ, ತಗ್ಗಿನಲ್ಲಿ ಎರೆ.

ನಮ್ಮ ಜಿಲ್ಲೆಯಲ್ಲೇ ಜ್ವಾಲಾಮುಖಿ ಬಂಡೆಯೂ ಇದೆ, ಬಿರುಕೂ ಇದೆ. ಅದು ಲಿಂಗಸುಗೂರು ತಾಲ್ಲೂಕಿನ ಹಟ್ಟಿ. ಹಟ್ಟಿ–ಮಸ್ಕಿ ಪಟ್ಟಿಯ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯ ಲಾವಾ. ಅವುಗಳನ್ನು ಸೀಳಿದ ವಲಯಗಳ ಗುಂಟ ಆಳದಿಂದ ಬಿಸಿನೀರು ಬಂತು. ಅಲ್ಲಿ ಯಾಕೆ ಜೇಡಿಯಾಗದೆ ಚಿನ್ನ ಉಳಿಯಿತು? ಆಳ ಮತ್ತು ಶಾಖದ ವ್ಯತ್ಯಾಸ. ಜೇಡಿ ಹುಟ್ಟುವುದು ನೆಲದ ಹತ್ತಿರ, ಕಡಿಮೆ ಶಾಖದಲ್ಲಿ. ಹಟ್ಟಿಯ ಕೆಲಸ ನಡೆದದ್ದು ಕಿಲೋಮೀಟರುಗಳ ಆಳದಲ್ಲಿ, ನೂರಾರು ಡಿಗ್ರಿ ಶಾಖದಲ್ಲಿ. ಅಂಥ ಶಾಖದಲ್ಲಿ ಉಬ್ಬುವ ಜೇಡಿ ಬಾಳುವುದಿಲ್ಲ, ಅಭ್ರಕದಂಥ ಖನಿಜಗಳೇ ಇರುತ್ತವೆ. ಬಿರುಕು, ನೀರು, ಜ್ವಾಲಾಮುಖಿ ಬಂಡೆ ಮೂರೂ ಎರಡೂ ಕಡೆ ಇವೆ. ಒಂದು ಕಡೆ ಚಿನ್ನ, ಇನ್ನೊಂದು ಕಡೆ ಜೇಡಿ.

ಬಿರುಕಿನ ಗುಂಟ ನೀರು ಹರಿಯುತ್ತದೆ ಎಂಬುದನ್ನು ನಮ್ಮ ಕಲ್ಯಾಣ ಕರ್ನಾಟಕದವರು ಹೊಸದಾಗಿ ಕಲಿಯಬೇಕಿಲ್ಲ. 15ನೆಯ ಶತಮಾನದ ಬಹಮನಿ ಕಾಲದಲ್ಲಿ ಬೀದರಿನ ಕರೇಜ್ ತೋಡಿದವರು ಜಂಬಿಟ್ಟಿಗೆ ಬಂಡೆಯ ಸೀಳಿನ ಜಾಡು ಹಿಡಿದು ನೆಲದೊಳಗೆ ಕಾಲುವೆ ಕೊರೆದರು. ಅವರ ಬಳಿ ಭೂವಿಜ್ಞಾನದ ಡಿಗ್ರಿ ಇರಲಿಲ್ಲ, ನೆಲ ನೋಡುವ ಕಣ್ಣಿತ್ತು.

ಈಗ ಅಬ್ಬಾನ ಪ್ರಶ್ನೆಗೆ ಬರುತ್ತೇನೆ. ಈ ಜೇಡಿಯ ಒಂದೊಂದು ಹಾಳೆಯೂ ಸುಮಾರು ಒಂದು ನ್ಯಾನೋಮೀಟರ್ ದಪ್ಪ. ಎರಡು ಸಿಲಿಕಾ ಪದರಗಳ ನಡುವೆ ಒಂದು ಅಲ್ಯೂಮಿನಾ ಪದರ, ಎರಡು ರೊಟ್ಟಿಯ ನಡುವೆ ಪಲ್ಯ ಇಟ್ಟಂತೆ. ಅಲ್ಯೂಮಿನಿಯಂಗೆ ಮೂರು ಧನ ಆವೇಶ. ಕೆಲವು ಕಡೆ ಅದರ ಜಾಗದಲ್ಲಿ ಎರಡೇ ಧನ ಆವೇಶದ ಮೆಗ್ನೀಸಿಯಂ ಕೂತಿರುತ್ತದೆ. ಆಗ ಹಾಳೆಗೆ ಸ್ವಲ್ಪ ಋಣ ಆವೇಶ ಉಳಿಯುತ್ತದೆ. ಅದನ್ನು ಸರಿದೂಗಿಸಲು ಹಾಳೆ ಹಾಳೆಗಳ ನಡುವೆ ಸೋಡಿಯಂ ಅಥವಾ ಕ್ಯಾಲ್ಸಿಯಂ ಅಯಾನುಗಳು ಸೇರುತ್ತವೆ. ಈ ಅಯಾನುಗಳು ನೀರನ್ನು ಎಳೆಯುತ್ತವೆ. ನೀರು ನುಗ್ಗಿದಾಗ ಹಾಳೆಗಳು ದೂರ ಸರಿಯುತ್ತವೆ, ಮಣ್ಣು ಉಬ್ಬುತ್ತದೆ. ಒಣಗಿದಾಗ ಹತ್ತಿರ ಬರುತ್ತವೆ, ಮಣ್ಣು ಕುಗ್ಗಿ ಬಾಯಿ ಬಿಡುತ್ತದೆ.

ಮನೆಯ ಕೆಳಗೆ ಇದು ಎಲ್ಲ ಕಡೆ ಒಂದೇ ಸಮ ನಡೆದಿದ್ದರೆ ತೊಂದರೆ ಇರಲಿಲ್ಲ. ಮನೆಯ ನಡುಭಾಗದ ಮಣ್ಣಿಗೆ ಬಿಸಿಲೂ ಇಲ್ಲ, ಮಳೆಯೂ ಇಲ್ಲ. ಅದು ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಅಂಚಿನ ಮಣ್ಣು ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಅಂಚು ಏರಿಳಿಯುತ್ತದೆ, ನಡು ನಿಂತಿರುತ್ತದೆ. ಗೋಡೆ ಮಧ್ಯೆ ಸಿಕ್ಕು ಸೀಳುತ್ತದೆ. ಕಿಟಕಿ, ಬಾಗಿಲ ಮೂಲೆಗಳಲ್ಲಿ ಗೋಡೆ ದುರ್ಬಲವಾದ್ದರಿಂದ ಬಿರುಕು ಅಲ್ಲಿಂದಲೇ ಓರೆಯಾಗಿ ಹೊರಡುತ್ತದೆ. ನಮ್ಮ ಮನೆಯಲ್ಲಿ ಆದದ್ದು ಇದೇ. ಅಬ್ಬಾ ಸಿಮೆಂಟ್ ಕಡಿಮೆ ಹಾಕಿರಲಿಲ್ಲ. ಎರಡೂವರೆ ಅಡಿ ಪಾಯ ತೋಡಿದ್ದರು. ಕಪ್ಪು ಮಣ್ಣಿನಲ್ಲಿ ಋತುವಿಗೆ ತಕ್ಕಂತೆ ತೇವ ಬದಲಾಗುವ ಆಳ ಅದಕ್ಕಿಂತ ಬಹಳ ಹೆಚ್ಚು. ತಪ್ಪು ಅವರ ಕೈಯಲ್ಲಿರಲಿಲ್ಲ. ಕೆಳಗೇನಿದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆಮಣ್ಣಿಗಾಗಿಯೇ ತಳದಲ್ಲಿ ಗುಂಡಾಗಿ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು ರೂಪಿಸಿತು. ಸುಮಾರು ಮೂರೂವರೆ ಮೀಟರ್ ಆಳಕ್ಕೆ, ಅಂದರೆ ಮಣ್ಣು ಅಲುಗಾಡದ ಕಡೆಗೆ, ಅವು ಬೇರು ಬಿಡುತ್ತವೆ. ಐಐಟಿ ಬಾಂಬೆಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ಇನ್ನೊಂದು ದಾರಿ ತೋರಿಸಿದರು. ಉಬ್ಬುವ ಮಣ್ಣಿನ ಮೇಲೆ ಉಬ್ಬದ, ಆದರೆ ಅಂಟುಗುಣವಿರುವ ಗರಸಿನಂಥ ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪ ಹಾಕಿ ಬಿಗಿಯಾಗಿ ದಮ್ಮಸು ಮಾಡಿದರೆ ಕೆಳಗಿನ ಉಬ್ಬು ತಡೆಯಲ್ಪಡುತ್ತದೆ. ನಮ್ಮ ರಾಜ್ಯದ ಮಲಪ್ರಭಾ ಕಾಲುವೆಯಲ್ಲಿ ಈ ವಿಧಾನ ಬಳಸಿದ್ದಾರೆ. ಬರೀ ಮರಳು ತುಂಬಿದರೆ ಸಾಲದು, ಅದು ನೀರು ಹಿಡಿದು ಕೆಳಗಿನ ಜೇಡಿಗೆ ಕುಡಿಸುತ್ತದೆ.

"ಇದೆಲ್ಲ ದುಡ್ಡಿದ್ದವರ ಮಾತು" ಎಂದು ಯಾರಾದರೂ ಹೇಳಬಹುದು. ಅದರಲ್ಲಿ ಅರ್ಧ ಸತ್ಯ ಇದೆ. ಕಂಬದ ಪಾಯ ಎಲ್ಲರಿಗೂ ಆಗುವುದಿಲ್ಲ. ಆದರೆ ಮನೆ ಸುತ್ತ ಮೂರು ನಾಲ್ಕು ಅಡಿ ಅಗಲದ ಕಟ್ಟೆ ಹಾಕಿ ಮಳೆನೀರನ್ನು ದೂರ ಹರಿಸುವುದಕ್ಕೆ, ಬಚ್ಚಲ ನೀರು ಗೋಡೆ ಬುಡದಲ್ಲಿ ಇಂಗದಂತೆ ನೋಡುವುದಕ್ಕೆ, ಪಾಯದ ಮೇಲೆ ಸುತ್ತಲೂ ಒಂದು ಬೀಮ್ ಕಟ್ಟುವುದಕ್ಕೆ, ಗೋಡೆಗೆ ಒತ್ತಿ ದೊಡ್ಡ ಮರ ಬೆಳೆಸದಿರುವುದಕ್ಕೆ ಲಕ್ಷಗಟ್ಟಲೆ ಬೇಕಿಲ್ಲ. ಬಿರುಕು ಬಿಟ್ಟ ಮೇಲೆ ಪ್ರತಿ ವರ್ಷ ಪ್ಲಾಸ್ಟರ್ ಮಾಡಿಸುವ ಖರ್ಚು ಯಾರೂ ಲೆಕ್ಕ ಇಡುವುದಿಲ್ಲ. ನಮ್ಮ ಹಿರಿಯರು ಮಾಳಿಗೆ ಮನೆಯ ಮೇಲೆ ಸವಳು ಮಣ್ಣು ಹಾಕುತ್ತಿದ್ದರು. ಸೋಡಿಯಂ ಇರುವ ಆ ಮಣ್ಣು ನೆನೆದಾಗ ನುಣ್ಣಗೆ ಹರಡಿ ಸಂದು ಮುಚ್ಚಿ ಸೋರಿಕೆ ತಡೆಯುತ್ತದೆ. ಯಾವ ಮಣ್ಣು ಕೆಳಗಿರಬೇಕು, ಯಾವುದು ಮೇಲಿರಬೇಕು ಎಂದು ಅವರಿಗೆ ತಿಳಿದಿತ್ತು. ಸಿಮೆಂಟ್ ಬಂದ ಮೇಲೆ ನಾವು ಮಣ್ಣನ್ನು ಮರೆತೆವು. ಸಿಮೆಂಟ್ ಮನೆಯೂ ಮಣ್ಣಿನ ಮೇಲೆಯೇ ನಿಲ್ಲುತ್ತದೆ.

ಎರೆಮಣ್ಣನ್ನು ಶಪಿಸಲು ನಾನು ಇದನ್ನು ಬರೆಯುತ್ತಿಲ್ಲ. ಮಳೆ ನಿಂತ ಮೇಲೆ ಬಿತ್ತಿದ ಹಿಂಗಾರಿ ಬಿಳಿಜೋಳ ಬರೀ ನೆಲದ ತೇವದಲ್ಲಿ ಬೆಳೆಯುವುದು ಇದೇ ಜೇಡಿಯ ಹಾಳೆಗಳ ನಡುವೆ ನಿಂತ ನೀರಿನಿಂದ. ಬೇಸಿಗೆಯ ಬಿರುಕಿನೊಳಗೆ ಮೇಲ್ಮಣ್ಣು ಉದುರಿ, ಮಳೆಗೆ ಉಬ್ಬಿ, ಈ ಭೂಮಿ ತನ್ನನ್ನು ತಾನೇ ಉಳುತ್ತದೆ. ನಮಗೆ ರೊಟ್ಟಿ ಕೊಡುವುದೂ ಗೋಡೆ ಸೀಳುವುದೂ ಒಂದೇ ಗುಣ. ಅದನ್ನು ಅರಿತು ನಡೆಯಬೇಕು, ಅಷ್ಟೇ.

ಇನ್ನು ನನ್ನ ಬೇಡಿಕೆ. ನಮ್ಮ ಕಾಲೇಜಿನಲ್ಲಿ ಓದುವವರಲ್ಲಿ ಗೌಂಡಿ, ಸೆಂಟ್ರಿಂಗ್, ಟೈಲ್ಸ್ ಕೆಲಸದವರ ಮಕ್ಕಳು ಎಷ್ಟೋ ಜನ ಇದ್ದೇವೆ. ರಜೆಯಲ್ಲಿ ನಾವೇ ಇಟ್ಟಿಗೆ ಹೊರುತ್ತೇವೆ. ಆದರೆ ತರಗತಿಗೆ ಬಂದಾಗ ಆ ಕೆಲಸವನ್ನು ಬಾಗಿಲ ಹೊರಗೆ ಬಿಟ್ಟು ಬರುತ್ತೇವೆ, ಅದಕ್ಕೂ ವಿಜ್ಞಾನಕ್ಕೂ ಸಂಬಂಧವೇ ಇಲ್ಲವೆಂಬಂತೆ. ನನಗೆ ಇದು ಸರಿ ಕಾಣುವುದಿಲ್ಲ.

ಮಣ್ಣು ಎಷ್ಟು ಉಬ್ಬುತ್ತದೆ ಎಂದು ನೋಡುವ ಒಂದು ಸರಳ ಪರೀಕ್ಷೆ ಭಾರತೀಯ ಮಾನಕದಲ್ಲೇ ಇದೆ. ಒಣಗಿಸಿ ಪುಡಿ ಮಾಡಿದ ಮಣ್ಣನ್ನು 0.425 ಮಿ.ಮೀ. ಜರಡಿಯಲ್ಲಿ ಸೋಸಿ, 10 ಗ್ರಾಮಿನಂತೆ ಎರಡು ಪಾಲು ಮಾಡಬೇಕು. 100 ಮಿ.ಲೀ. ಅಳತೆಯ ಎರಡು ಗಾಜಿನ ಜಾಡಿಗಳಲ್ಲಿ ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಮಣ್ಣು ಹಾಕಬೇಕು. ಗಾಳಿಗುಳ್ಳೆ ಹೋಗುವಂತೆ ಕಲಕಿ ಕನಿಷ್ಠ 24 ಗಂಟೆ ಬಿಡಬೇಕು. ಸೀಮೆಎಣ್ಣೆಯ ಅಣುಗಳಿಗೆ ಧ್ರುವೀಯತೆ ಇಲ್ಲ, ಆದ್ದರಿಂದ ಜೇಡಿ ಅದರಲ್ಲಿ ಉಬ್ಬುವುದಿಲ್ಲ. ಸೀಮೆಎಣ್ಣೆಯಲ್ಲಿ 10 ಮಿ.ಲೀ., ನೀರಿನಲ್ಲಿ 18 ಮಿ.ಲೀ. ಮಣ್ಣು ನಿಂತರೆ ಉಬ್ಬು ಶೇಕಡ 80. ಶೇಕಡ 50 ದಾಟಿದರೆ ಎಚ್ಚರ ಬೇಕು, 100 ದಾಟಿದರೆ ಇಂಜಿನಿಯರರನ್ನು ಕೇಳದೆ ಪಾಯ ತೋಡಬಾರದು. ಇದಕ್ಕೆ ಬೇಕಾದ ಜಾಡಿ, ತಕ್ಕಡಿ ನಮ್ಮ ಕೆಮಿಸ್ಟ್ರಿ ಲ್ಯಾಬಿನಲ್ಲೇ ಇವೆ. ಅಧ್ಯಾಪಕರ ಅನುಮತಿ ಪಡೆದು ನಮ್ಮ ಮನೆ ಪಕ್ಕದ ಮಣ್ಣನ್ನು ನಾನು ಹೀಗೆ ಇಟ್ಟು ನೋಡಿದೆ. ಮರುದಿನ ಎರಡು ಜಾಡಿಗಳ ವ್ಯತ್ಯಾಸ ಬಾಗಿಲಲ್ಲಿ ನಿಂತವರಿಗೂ ಕಾಣುವಂತಿತ್ತು.

ಪ್ರಾಂಶುಪಾಲರಲ್ಲಿ ಮತ್ತು ಆಡಳಿತ ಮಂಡಳಿಯಲ್ಲಿ ನನ್ನ ವಿನಂತಿ ಇಷ್ಟು. ತಿಂಗಳಿಗೆ ಒಂದು ಶನಿವಾರ ಲ್ಯಾಬನ್ನು ಇದಕ್ಕೆ ಬಿಟ್ಟುಕೊಡಿ. ಮನೆ ಕಟ್ಟಲು ಹೊರಟ ಯಾರೇ ಆಗಲಿ, ಯಾವ ಜಾತಿ ಮತದವರೇ ಆಗಲಿ, ಒಂದು ಡಬ್ಬಿ ಮಣ್ಣು ತಂದುಕೊಟ್ಟರೆ ನಾವು ಪರೀಕ್ಷಿಸಿ ಚೀಟಿ ಬರೆದು ಕೊಡುತ್ತೇವೆ. ನಾವು ಇಂಜಿನಿಯರುಗಳಲ್ಲ, ಪಾಯದ ನಕ್ಷೆ ಕೊಡುವುದಿಲ್ಲ. "ಇದು ಉಬ್ಬುವ ಮಣ್ಣು, ತಿಳಿದವರನ್ನು ಕೇಳಿ" ಎಂದು ಹೇಳುವುದಷ್ಟೇ ನಮ್ಮ ಕೆಲಸ. ಫಲಿತಾಂಶಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟರೆ ನಾಲ್ಕೈದು ವರ್ಷದಲ್ಲಿ ಮಾನ್ವಿ ಸುತ್ತಲ ಹಳ್ಳಿಗಳ ಮಣ್ಣಿನ ಒಂದು ನಕ್ಷೆಯೇ ಆಗುತ್ತದೆ. ಸಾಧ್ಯವಾದರೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಿಂದ ಒಬ್ಬರನ್ನು ಕರೆಸಿ ಒಂದು ಉಪನ್ಯಾಸ ಇಡಿಸಿ.

"ಇದು ಪರೀಕ್ಷೆಗೆ ಬರುತ್ತಾ?" ಎಂದು ಗೆಳೆಯರು ಕೇಳುತ್ತಾರೆ. ಇಲ್ಲ, ಬರುವುದಿಲ್ಲ. ನೀಟ್‌ನಲ್ಲೂ ಇಲ್ಲ, ಸಿಇಟಿಯಲ್ಲೂ ಇಲ್ಲ. ಆದರೆ ಹೈಡ್ರೇಷನ್, ಅಯಾನು ವಿನಿಮಯ, ಧ್ರುವೀಯ ದ್ರಾವಕ ಎಂಬ ಪದಗಳು ಪರೀಕ್ಷೆಗೆ ಬರುತ್ತವೆ. ಎರಡು ಜಾಡಿಗಳನ್ನು ಒಮ್ಮೆ ನೋಡಿದವರು ಆ ಪದಗಳನ್ನು ಮತ್ತೆ ಬಾಯಿಪಾಠ ಮಾಡಬೇಕಿಲ್ಲ. ಮತ್ತೆ, ಪ್ರಯೋಜನ ಕೊಡುವ ವಿದ್ಯೆಯನ್ನು ಬೇಡು ಎಂದು ನಮಗೆ ಚಿಕ್ಕಂದಿನಿಂದ ದುಆ ಕಲಿಸಿದ್ದಾರೆ. ಅಬ್ಬಾನ ಪ್ರಶ್ನೆಗೆ ಉತ್ತರ ಕೊಡಲಾಗದ ವಿದ್ಯೆ ಅಂಕಪಟ್ಟಿಯಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಅರ್ಧ ವಿದ್ಯೆಯೇ.

ಆ ಜಾಡಿಗಳ ಫೋಟೋ ಮೊಬೈಲಿನಲ್ಲಿ ತೆಗೆದು ಮನೆಗೆ ಹೋಗಿ ಅಬ್ಬಾಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. "ಹಂಗಾದ್ರೆ ನನ್ನ ಕೆಲಸದ್ದು ತಪ್ಪಿರಲಿಲ್ಲ" ಎಂದರು. ಸ್ವಲ್ಪ ತಡೆದು, "ಮುಂದಿನ ಮನೆ ಹಿಡಿಯೋ ಮೊದಲು ಆ ಮಣ್ಣು ತಂದು ಕೊಡ್ತೀನಿ, ನೋಡಿ ಹೇಳು" ಎಂದರು. ಅವರು ಮಣ್ಣು ತಂದಾಗ ಲ್ಯಾಬಿನ ಬಾಗಿಲು ತೆರೆದಿರಲಿ ಎಂಬುದು ನನ್ನ ಕೋರಿಕೆ.